ಹತ್ತೇ ವರ್ಷಕ್ಕೆ ಹೂ ಬಿಡುವ ಮರ

ನಮ್ಮೂರು ಇನ್ನೂ ನೀರಿನ ಮೇಲಿದ್ದ ಕಾಲದ ಮಾತಿದು. ಸಾಗರದ ಬಸ್ಸಿಳಿದು ಶರಾವತಿಯ ಕಡೆಗೆ ಅರ್ಧ ದಿನ ನಡೆದರೆ ಸಿಗುತ್ತಿದ್ದ ಊರು. ಹೆಮ್ಮೆ ಪಡುವುದಕ್ಕೆ ಅಲ್ಲಿ ಹೆಚ್ಚೇನೂ ಇರಲಿಲ್ಲ. ದೇವಸ್ಥಾನ ಪಕ್ಕದ ಊರಿನದು, ಶಾಲೆ ಅದರಾಚೆಯ ಊರಿನದು. ಪೂರ್ತಿ ನಮ್ಮದೇ ಎನ್ನುವಂಥದ್ದು ಒಂದು ಮರ.

ಓದಿದವರು ಅದನ್ನು ಶ್ರೀತಾಳೆ ಎನ್ನುತ್ತಾರೆ. ನಮಗದು ತಾಳಿ ಮರ. ತೆಂಗು, ಅಡಿಕೆ, ಬೈನೆಗಳ ವಂಶದ್ದೇ, ಆದರೆ ಆ ವಂಶದ ಚಕ್ರವರ್ತಿ. ಉದುರಿದ ಒಂದು ಗರಿಯನ್ನು ಹೊತ್ತು ನಾವು ಏಳು ಮಕ್ಕಳು ಮಳೆಯಲ್ಲಿ ನಿಂತರೆ ಏಳನೆಯವನ ಒಂದು ಕಿವಿ ಮಾತ್ರ ನೆನೆಯುತ್ತಿತ್ತು. ಆ ಕಿವಿ ಯಾವಾಗಲೂ ನನ್ನ ತಮ್ಮನದು.

ಮರ ನೆಟ್ಟವನು ನಮ್ಮ ಅಜ್ಜಯ್ಯ ಚೌಡಪ್ಪ. ಹುಡುಗನಾಗಿದ್ದಾಗ ಉಪ್ಪಿನ ಗಾಡಿಯ ಜೊತೆ ಘಟ್ಟ ಇಳಿದಿದ್ದನಂತೆ. ಅಲ್ಲಿ ಯಾರೋ ಮುದುಕ ಗೋಲಿಯಂಥ ಒಂದು ಬೀಜವನ್ನು ಅವನ ಕೈಗಿಟ್ಟು, “ನೆಡು ಮಗಾ, ಹತ್ತೇ ವರ್ಷಕ್ಕೆ ಹೂ ಬಿಡ್ತದೆ. ಅಂಥ ಹೂವು ಭೂಮಿ ಮೇಲೆ ಇನ್ನೊಂದಿಲ್ಲ” ಎಂದನಂತೆ. ಹತ್ತು ವರ್ಷಕ್ಕೆ ಅದಕ್ಕೆ ಕಾಂಡವೂ ಮೂಡಿರಲಿಲ್ಲ. ಅಜ್ಜಯ್ಯನ ಮದುವೆಯಾಯಿತು, ಹೂವಿಲ್ಲ. ಅಪ್ಪ ಹುಟ್ಟಿದ, ಹೂವಿಲ್ಲ. ಅಪ್ಪನಿಗೆ ಮಗಳಾಗಿ ನಾನು ಹುಟ್ಟಿದೆ, ಆ ಸಂಭ್ರಮಕ್ಕೂ ಮರ ಜಗ್ಗಲಿಲ್ಲ. ಪಕ್ಕದ ಮನೆಯ ಬೀರಣ್ಣ ಎದುರಾದಾಗಲೆಲ್ಲ ಕೇಳುತ್ತಿದ್ದದ್ದು ಒಂದೇ: “ಎಂತ ಮಾವ, ಹತ್ತು ವರ್ಷ ಆಯ್ತಾ?”

“ಆಗ್ತಾ ಬಂತು” ಎನ್ನುತ್ತಿದ್ದ ಅಜ್ಜಯ್ಯ.

ಹೊಳೆಗೆ ಅಣೆಕಟ್ಟು ಕಟ್ಟುತ್ತಾರೆ, ಊರು ಮುಳುಗುತ್ತದೆ ಎಂಬ ನೋಟೀಸಿನ ಹಿಂದೆಯೇ ಅಳೆಯುವವರು ಬಂದರು. ಮನೆ, ಬಾವಿ, ಮಾವು, ಹಲಸು ಎಲ್ಲವನ್ನೂ ಬರೆದುಕೊಂಡರು. ತಾಳಿಯ ಬುಡದಲ್ಲಿ ನಿಂತು ಸಾಹೇಬರು ಟೋಪಿ ಬೀಳುವಷ್ಟು ಕತ್ತೆತ್ತಿದರು.

“ಇದರ ಫಲ ಏನ್ರೀ?”

“ಇನ್ನೂ ಬಿಟ್ಟಿಲ್ಲ ಸ್ವಾಮಿ.”

“ನೆಟ್ಟು ಎಷ್ಟು ವರ್ಷ ಆಯ್ತು?”

“ನಂಗೆ ಮೀಸೆ ಬರೂಕಿಂತ ಮುಂಚೆ ನೆಟ್ಟಿದ್ದು.”

ಸಾಹೇಬರು ಅಜ್ಜಯ್ಯನ ಬಿಳಿ ಮೀಸೆಯನ್ನು ಒಮ್ಮೆ ನೋಡಿ, ಗುಮಾಸ್ತನ ಕಡೆ ತಿರುಗಿ, “ನಿಷ್ಫಲ ಮರ, ಒಂದು” ಎಂದರು. ಅಂದಿನಿಂದ ನಮ್ಮ ಬಾಯಲ್ಲಿ ಅದರ ಹೆಸರೇ ನಿಷ್ಫಲ. ಕಣ್ಣಾಮುಚ್ಚಾಲೆಗೆ ಕಣ್ಣು ಮುಚ್ಚುವ ಜಾಗ ನಿಷ್ಫಲದ ಬುಡ.

ಈ ಅವಮಾನ ಮರಕ್ಕೆ ತಾಗಿರಬೇಕು. ದೀಪಾವಳಿ ಕಳೆದು ಚಳಿ ಬೀಳುವ ಹೊತ್ತಿಗೆ ಅದರ ನೆತ್ತಿಯಲ್ಲಿ ಈಟಿಯಂಥದ್ದೊಂದು ಎದ್ದಿತು. ಈಟಿ ಕಂಬವಾಯಿತು, ಕಂಬ ಕವಲೊಡೆಯಿತು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಮರದ ತಲೆಯ ಮೇಲೆ ಇನ್ನೊಂದು ಮರ ನಿಂತಿತ್ತು: ಕೆನೆ ಬಣ್ಣದ್ದು, ಬರೀ ಹೂವಿನದು. ಜೇನುಗಳ ಮೊರೆತ ಒಲೆಯ ಮುಂದೆ ಕೂತವರಿಗೂ ಕೇಳುತ್ತಿತ್ತು. ಹುಳಿ ಹಿಡಿದ ಹಾಲಿಗೆ ಬೆಲ್ಲ ಕಲಸಿದಂಥ ವಾಸನೆ. ಹೂವಿನ ಹುಡಿ ಗಂಜಿಯ ಬಟ್ಟಲಿಗೂ ಬೀಳುತ್ತಿತ್ತು. “ಊದಿ ಕುಡಿ” ಎಂದಳು ಅವ್ವ. ನಾನು ಊದದೆ ಕುಡಿದೆ. ಅಂಥದ್ದನ್ನು ಊದಿ ಆಚೆ ಹಾಕುವುದು ಮಹಾಪಾಪ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಅಜ್ಜಯ್ಯ ಅಂಗಳಕ್ಕೆ ಬಂದು, ನೋಡಿ, ಮುಂಡಾಸು ಬಿಚ್ಚಿ ಕಂಕುಳಲ್ಲಿಟ್ಟುಕೊಂಡ. ಕಚೇರಿಯ ದೊಡ್ಡವರ ಮುಂದೂ ಮುಂಡಾಸು ತೆಗೆದವನಲ್ಲ ಅವನು. ಬಿಸಿಲೇರುವವರೆಗೂ ಹಾಗೇ ನಿಂತಿದ್ದ.

ಅಷ್ಟರಲ್ಲಿ ಕೊಡಲಿ ಹಿಡಿದು ಬೀರಣ್ಣ ಬಂದ. “ಮಾವ, ಇವತ್ತೇ ಕಡೀಬೇಕು ಇದನ್ನ. ತಾಳಿ ಹೂ ಬಿಟ್ರೆ ಊರು ಹಾಳಾಗ್ತದೆ ಅಂತ ಹಿಂದಿನೋರು ಹೇಳಿದಾರೆ.”

“ಬೀರ, ಊರಿಗೆ ಮುಳುಗೂಕೆ ನೋಟೀಸೇ ಬಂದದೆ. ಇನ್ನು ಇದು ಹಾಳು ಮಾಡೂಕೆ ಎಂತ ಉಳಿದದೆ ಹೇಳು?”

ಬೀರಣ್ಣ ಕೊಡಲಿ ಕೆಳಗಿಟ್ಟು ಯೋಚಿಸಿದ. “ಹಂಗಾರೆ ಇದು ಹೂ ಬಿಡ್ತದೆ ಅಂತ ಸರ್ಕಾರಕ್ಕೆ ಮೊದ್ಲೇ ಗೊತ್ತಿತ್ತಾ?”

ಈ ಪ್ರಶ್ನೆಯನ್ನು ಊರು ಬಹಳ ಕಾಲ ಚರ್ಚಿಸಿತು. ತೀರ್ಮಾನವಾಗಲಿಲ್ಲ. ಬೇರೆ ಕಾಲವಾಗಿದ್ದರೆ ಮರ ಅಂದೇ ಉರುಳುತ್ತಿತ್ತು. ಮುಳುಗಡೆಯೇ ಅದನ್ನು ಕಾಪಾಡಿತು.

ಆದರೆ ಅಜ್ಜಯ್ಯನ ನಿದ್ದೆ ಕೆಟ್ಟಿತು. ತಾಳಿ ಹೂ ಬಿಡುವುದು ಒಂದೇ ಸಲ. ಕಾಯಿ ಬಲಿಯಲು ವರ್ಷಕ್ಕಿಂತ ಹೆಚ್ಚು ಬೇಕು, ಬಲಿತು ಉದುರಿದ ಮೇಲೆ ಮರವೇ ಸಾಯುತ್ತದೆ. “ಹಸಿಕಾಯಿ ನೆಟ್ರೆ ಹುಟ್ಟೂದಿಲ್ಲ” ಎನ್ನುತ್ತಿದ್ದ. ನೀರು ಮೊದಲು ಬರುತ್ತದೋ, ಕಾಯಿ ಮೊದಲು ಉದುರುತ್ತದೋ?

ಒಂದು ಮಳೆಗಾಲ ಕಳೆಯಿತು. ಲಕ್ಷಗಟ್ಟಲೆ ಕಾಯಿ, ಎಲ್ಲ ಹಸಿರು. ಮುಂದಿನ ಬೇಸಗೆಗೆ ಲಾರಿ ಬಂತು. ಹೊಸನಗರ ತಾಲೂಕಿನ ಹುಂಚದ ಕಡೆ ನಮಗೆ ಜಾಗ ಸಿಕ್ಕಿತ್ತು. ಒಲೆಯ ಕಲ್ಲಿನವರೆಗೆ ಎಲ್ಲವನ್ನೂ ಹೇರಿದೆವು. ಕಾಯಿ ಮಾತ್ರ ಇನ್ನೂ ಉದುರಿರಲಿಲ್ಲ. ಮಳೆ ಹಿಡಿದ ಮೇಲೆ ಕಾಯಿ ತರಲು ಅಜ್ಜಯ್ಯ ವಾಪಸು ಹೊರಟ. ಮುದುಕನನ್ನು ಒಬ್ಬನೇ ಬಿಡಬಾರದೆಂದು ಅವ್ವ ಒಂಬತ್ತು ವರ್ಷದ ನನ್ನನ್ನು ಕಾವಲಿಗೆ ಕಳಿಸಿದಳು.

ಹೊಳೆ ದಾಟಿಸುತ್ತಿದ್ದ ತಿಮ್ಮಣ್ಣನ ದೋಣಿ ನಮ್ಮ ಗದ್ದೆಯ ಮೇಲೆಯೇ ಹಾಯ್ದು ಹೋಯಿತು. ಮಳೆಗೆ ಗೊರಬು ಹೊದ್ದು ನಾಟಿ ಮಾಡುತ್ತಿದ್ದ ಜಾಗದಲ್ಲಿ ತಿಮ್ಮಣ್ಣ ದೋಣಿ ನೂಕುವ ಗಳುವಿಗೆ ನೆಲವೇ ಸಿಗಲಿಲ್ಲ. ಊರಿನಲ್ಲಿ ಉಳಿದಿದ್ದು ಒಂದೇ, ನಿಷ್ಫಲ. ಅರ್ಧ ಮೈ ನೀರಿನಲ್ಲಿ, ಗರಿಗಳೆಲ್ಲ ಒಣಗಿ ಜೋತು, ತಲೆಯ ತುಂಬ ಕಾಯಿ ಹೊತ್ತು ನಿಂತಿತ್ತು. ನಾವು ಹತ್ತಿರ ಹೋಗುವಾಗ ಕೇಳಿಸಿತು: ಗುಳುಂ. ಸ್ವಲ್ಪ ಬಿಟ್ಟು ಮತ್ತೆ, ಗುಳುಂ, ಗುಳುಂ.

“ಹೋಯ್ ಚೌಡಪ್ಪಣ್ಣ, ಬಿದ್ದಿದ್ದೆಲ್ಲ ಮುಳುಗ್ತಾ ಅದೆ! ಬುಟ್ಟಿ ತಂದಿದೀರಾ?” ಎಂದು ಕೂಗಿದ ತಿಮ್ಮಣ್ಣ.

ಅಜ್ಜಯ್ಯ ಬುಟ್ಟಿ ತಂದಿರಲಿಲ್ಲ. ತಲೆಯ ಮೇಲೆ ಹಿಡಿದಿದ್ದು ಕೊಡೆ, ಆ ಮರದ್ದೇ ಗರಿಯನ್ನು ಹೊಲಿದು ಮಾಡಿದ್ದು. ಅದನ್ನು ಹಾಗೇ ತಿರುವಿ ಹಿಡಿದ, ಕೋಲು ಮೇಲೆ, ಗರಿ ಕೆಳಗೆ. ಮೂವರೂ ತೊಯ್ದು ತೊಪ್ಪೆಯಾದೆವು. ಗಾಳಿ ಬೀಸಿತು. ಟಪ್, ಟಪ್, ಟಪ್ಪಟಪ್. ಮರ ತನ್ನ ಬೀಜವನ್ನು ತನ್ನ ಗರಿಗೇ ಸುರಿಯತೊಡಗಿತು. ಒಂದೂ ತೂರಿ ಹೋಗಲಿಲ್ಲ. ನಾನು ಬಾಯಿ ತೆರೆದು ಮೇಲೆ ನೋಡುತ್ತಿದ್ದೆ, ಮಳೆ ಬಾಯೊಳಗೆ ಬೀಳುತ್ತಿತ್ತು.

ಒಂದು ಕಾಯಿ ತಿಮ್ಮಣ್ಣನ ಬೋಳು ತಲೆಗೆ ಬಿತ್ತು. “ನಿಷ್ಫಲ ಅಂದೋನು ಯಾವನೋ ಮಾರಾಯ!” ಎಂದು ತಲೆ ಉಜ್ಜಿಕೊಂಡ.

ಹೊರಡುವಾಗ ಅಜ್ಜಯ್ಯ ಕೈಚಾಚಿ ಮರವನ್ನು ಮುಟ್ಟಿದ. ನೆಲದ ಮೇಲೆ ನಿಂತು ಅವನೆಂದೂ ಮುಟ್ಟಲಾಗದಿದ್ದ ಎತ್ತರ ಅದು. ನೀರು ಅವನನ್ನು ಅಲ್ಲಿಗೆ ಎತ್ತಿತ್ತು.

ಹೊಸ ಅಂಗಳದಲ್ಲಿ ಬೀಜ ಹೂತು ತಿಂಗಳುಗಳಾದರೂ ಏನೂ ಕಾಣಲಿಲ್ಲ. ನಾನು ಕೆದಕಲು ಹೋದರೆ ಅಜ್ಜಯ್ಯ ಕೋಲು ಅಡ್ಡ ಹಿಡಿಯುತ್ತಿದ್ದ. “ಸುಮ್ನಿರು ಮಗಾ. ಅದು ಮೊದ್ಲು ಕೆಳಗೆ ಹೋಗ್ತದೆ. ನೆಲ ಹ್ಯಾಂಗದೆ ಅಂತ ನೋಡ್ಕಂಡು ಆಮೇಲೆ ಮೇಲೆ ಬರ್ತದೆ.” ಕೊನೆಗೆ ಬಂದದ್ದು ಹುಲ್ಲಿನೆಸಳಿನಂಥ ಒಂದೇ ಎಲೆ. ಅಜ್ಜಯ್ಯ ಕುಕ್ಕರಗಾಲಿನಲ್ಲಿ ಕೂತು ನೋಡಿ, “ಇಷ್ಟೇಯಾ!” ಎಂದು ನಕ್ಕ.

ಉಳಿದ ಬೀಜವನ್ನು ಕೋಣಂದೂರಿನ ಸಂತೆಗೆ ಒಯ್ದು ಕಂಡಕಂಡವರಿಗೆ ಹಂಚಿದ. ಮೇಳಿಗೆಯಿಂದ ಬಂದಿದ್ದ ನೆಂಟರಿಗೂ ಕೊಟ್ಟ. ಎಲ್ಲರೂ ಕೇಳುವುದು ಒಂದೇ, ಎಷ್ಟು ವರ್ಷಕ್ಕೆ ಹೂವು?

“ಹತ್ತೇ” ಎನ್ನುತ್ತಿದ್ದ, ರೆಪ್ಪೆ ಅಲುಗಿಸದೆ.

ನಾನು ಪಂಚೆ ಜಗ್ಗಿದೆ. “ಸುಳ್ಳಲ್ವಾ ಅಜ್ಜಯ್ಯ?”

“ನಂಗೂ ಹಿಂಗೇ ಹೇಳಿದ್ದು. ನಿಜ ಹೇಳಿದ್ರೆ ಯಾರು ನೆಡ್ತಾರೆ?”

ಅಜ್ಜಯ್ಯ ಹೋಗಿ ಎಷ್ಟೋ ಕಾಲವಾಯಿತು. ನಮ್ಮ ಅಂಗಳದ ಮರ ಹೋದ ವರ್ಷ ಹೂ ಬಿಟ್ಟಿತು. ಅದೇ ಕೆನೆ ಬಣ್ಣ, ಅದೇ ಹುಳಿ ವಾಸನೆ. ಕೊಡಲಿ ಹಿಡಿದು ಯಾರೂ ಬರಲಿಲ್ಲ. ಬಸ್ಸು, ಬೈಕು ನಿಲ್ಲಿಸಿ ಬಂದವರು ಬಹಳ ಜನ. ಎಲ್ಲರೂ ಮರಕ್ಕೆ ಬೆನ್ನು ಹಾಕಿ ನಿಂತು ಫೋಟೋ ತೆಗೆದುಕೊಂಡು ಹೋದರು.

ಈಗ ಕಾಯಿ ಉದುರುತ್ತಿದೆ. ಗರಿಯ ಕೊಡೆ ಹೊಲಿಯುವವರು ಈ ಕಡೆ ಯಾರೂ ಉಳಿದಿಲ್ಲ. ಅಂಗಡಿಯ ಕೊಡೆಯನ್ನೇ ಬಿಚ್ಚಿ ತಿರುವಿ ಇಟ್ಟೆ. ಮೊದಲ ಹೊಡೆತಕ್ಕೇ ಬಟ್ಟೆ ತೂತಾಯಿತು.

ಮೊನ್ನೆ ಅಪ್ಪನ ಜೊತೆ ಬಂದ ಪುಟ್ಟ ಹುಡುಗಿಯೊಬ್ಬಳು ಒಂದು ಬೀಜ ಆರಿಸಿ ಅಂಗೈಯಲ್ಲಿ ಹೊರಳಿಸಿದಳು. “ಅಜ್ಜಿ, ಇದು ಎಷ್ಟು ವರ್ಷಕ್ಕೆ ಹೂ ಬಿಡ್ತದೆ?”

“ಹತ್ತೇ” ಎಂದೆ. ನನ್ನ ರೆಪ್ಪೆಯೂ ಅಲುಗಲಿಲ್ಲ.

ಅವಳಪ್ಪ ಫೋನು ನೋಡಿ ನಕ್ಕ. “ಅಜ್ಜಿ ತಮಾಷೆ ಮಾಡ್ತಾರೆ. ಅರವತ್ತು ವರ್ಷ ಆದ್ರೂ ಬೇಕಂತೆ. ಇಡೇ ಪುಟ್ಟಿ, ಹೊತ್ತಾಯ್ತು.”

ಹುಡುಗಿ ಬೀಜವನ್ನು ಮೆಲ್ಲಗೆ ಕೊಡೆಯೊಳಗೆ ಇಟ್ಟು ಹೋದಳು. ಅದು ತೂತಿನಿಂದ ಜಾರಿ ಅಂಗಳಕ್ಕೆ ಬಿತ್ತು. ಅಂದು ನೀರಿಗೆ ಬೀಳುವ ಬೀಜಕ್ಕಾಗಿ ದೋಣಿ ಕಟ್ಟಿಕೊಂಡು ಹೋಗಿದ್ದೆವು. ಈಗ ಒಣನೆಲದ ಮೇಲೆ ಬೇಕಾದಷ್ಟು ಬೀಳುತ್ತಿದೆ. ಹತ್ತೇ ವರ್ಷ ಎಂದರೆ ನಂಬುವವರು ಒಬ್ಬರಿದ್ದರೆ ಸಾಕಿತ್ತು.