ಅರ್ಜಿ ಬರೆಯುವವರ ನಾಟಕ

ಯಳಂದೂರಿನ ತಾಲ್ಲೂಕು ಕಚೇರಿಯ ಮುಂದೆ ಒಬ್ಬರು ಕೂತು ಜನರಿಗೆ ಅರ್ಜಿ ಬರೆದುಕೊಡುತ್ತಿದ್ದರು. ನಾನು ಒಳಗೆ ಗುಮಾಸ್ತನಾಗಿದ್ದೆ. ತಮ್ಮದೇ ಒಂದು ನಾಟಕ ಬರೆಯಬೇಕೆಂಬ ಆಸೆ ಅವರಿಗಿತ್ತು. ಅದರ ಹಾಳೆ ತೆಗೆದಾಗಲೆಲ್ಲ ಯಾರಾದರೂ ಬಂದು ನಿಲ್ಲುತ್ತಿದ್ದರು. "ಕುಂತ್ಕಳಿ, ಮೊದ್ಲು ನಿಮ್ದಾಗ್ಲಿ" ಎಂದು ಅವರು ಹಾಳೆಯನ್ನು ಮಡಿಸಿ ಜೇಬಿಗಿಡುತ್ತಿದ್ದರು.

ಅಂತೂ ನಾಟಕ ಮುಗಿಯಿತು. ಹತ್ತಿರದ ಅಗರ ಎಂಬ ಊರಿನ ಜಗಲಿಯೊಂದರಲ್ಲಿ, ಆಡಬೇಕಾದವರ ಎದುರು ಅದನ್ನು ಓದಿದರು. ನಾನೂ ಹೋಗಿದ್ದೆ. ಮಗನನ್ನು ಕಳೆದುಕೊಂಡ ರಾಣಿ ದೇವರ ಮುಂದೆ ಅಳುವ ದೃಶ್ಯ ಬಂತು.

"ಮಹಾಸ್ವಾಮಿಯವರು ದಯಮಾಡಿ ಈ ಬಡವಳ ಅಹವಾಲನ್ನು ಪರಾಂಬರಿಸಬೇಕಾಗಿ ಪ್ರಾರ್ಥನೆ."

"ಇದು ಅರ್ಜಿ ಆಯ್ತಲ್ಲಣ್ಣ" ಎಂದ ರಾಣಿಯ ಪಾತ್ರದವನು. ಎಲ್ಲರೂ ನಕ್ಕರು.

ಅವರು ಮುಂದೆ ಓದಲಿಲ್ಲ. ಹಿಂದಿರುಗುವಾಗ ದಾರಿಯಲ್ಲಿ ಮೆಲ್ಲಗೆ ಹೇಳಿದರು:

"ನನ್ ಮಗ ತೀರೋದಾಗ ದೇವ್ರ ಮುಂದೆ ನಾನೂ ಇಂಗೇ ಅತ್ತಿದ್ದು ಸಾ. ಬ್ಯಾರೆ ಮಾತು ಬರ್ನಿಲ್ಲ."