ಅಜ್ಜಿ ಕಂಡಿದ್ದಕ್ಕೆ ಪರೀಕ್ಷೆ ರದ್ದು

"ಕ್ಯಾಮೆರಾದಲ್ಲಿ ಬೇರೊಬ್ಬ ವ್ಯಕ್ತಿ ಕಾಣಿಸಿದ್ದಾರೆ, ಪರೀಕ್ಷೆ ರದ್ದು" ಎಂದು ಲ್ಯಾಪ್‌ಟಾಪ್ ತೋರಿಸಿತು. ಆ ವ್ಯಕ್ತಿ ನನ್ನ ಅಜ್ಜಿ. ಉಡುತಡಿಯ ನಮ್ಮ ಮನೆಯಲ್ಲಿ ಕೂತು, ಸಾಫ್ಟ್‌ವೇರ್ ಕಂಪನಿಯೊಂದು ಬಿಸಿಎ ವಿದ್ಯಾರ್ಥಿಗಳಿಗೆ ನಡೆಸುತ್ತಿದ್ದ ಇಂಟರ್ನ್‌ಶಿಪ್ ಪರೀಕ್ಷೆ ಬರೆಯುತ್ತಿದ್ದೆ. ಸೆಕೆಯಲ್ಲಿ ಬೆವರುತ್ತಿದ್ದ ನನಗೆ ಅಜ್ಜಿ ಮಜ್ಜಿಗೆ ತಂದಿಟ್ಟು ಹೋದಳು, ಅಷ್ಟೇ.

ಕಂಪನಿಗೆ ಫೋನ್ ಮಾಡಿದೆ. "ರೂಮಲ್ಲಿ ನೀವೊಬ್ರೇ ಇರ್ಬೇಕಿತ್ತು. ಇದು ಕಾಪಿ ಹೊಡೆದಂಗೇ ಲೆಕ್ಕ" ಎಂದಳು ಆ ಕಡೆಯ ಹುಡುಗಿ.

"ನಮ್ಮನೇಲಿ ಇರೋದೇ ಒಂದು ರೂಮು ರೀ. ಓದೋಕೇ ಬರದ ನಮ್ಮಜ್ಜಿ ನಂಗೇನ್ ಹೇಳ್ಕೊಡ್ತಾಳೆ?" ಎಂದೆ. ಫೋನ್ ಕಟ್ಟಾಯಿತು. ಕಾಲೇಜಿಗೆ ಬಂದ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ 'ನಕಲು' ಎಂದಿತ್ತು.

ಆ ಸಿಟ್ಟು ಇನ್ನೂ ಆರಿಲ್ಲ. ಈಗ ನಾನು ಲ್ಯಾಪ್‌ಟಾಪ್ ತೆರೆದರೆ ಸಾಕು, ಅಜ್ಜಿ ಎದ್ದು ಹೊರಗೆ ಹೋಗಿ ಕೂರುತ್ತಾಳೆ. ಕರೆದರೂ ಒಳಗೆ ಬರುವುದಿಲ್ಲ.