ಒಂಬತ್ತನೆಯ ಶುಕ್ರವಾರದ ಸಕ್ಕರೆ

ನಮ್ಮ ಮನೆಯ ಸಕ್ಕರೆ ಡಬ್ಬಿಯನ್ನು ಕಪಾಟಿಗೆ ಸೇರಿಸಿ ಬೀಗ ಹಾಕಿದವಳು ನಾನೇ. ಐವತ್ತರ ದಶಕದ ಮೊದಲ ವರ್ಷಗಳು. ನಾನು ಇಂಟರ್‌ಮೀಡಿಯೆಟ್‌ನಲ್ಲಿ ಸೈನ್ಸ್ ಓದುತ್ತಿದ್ದೆ. ಪಪ್ಪನಿಗೆ ಡಯಾಬಿಟಿಸ್ ಎಂದು ಆಗಷ್ಟೇ ಗೊತ್ತಾಗಿತ್ತು. ಸೂಜಿ ಕಂಡರೆ ಅಮ್ಮನಿಗೆ ತಲೆ ತಿರುಗುತ್ತಿದ್ದುದರಿಂದ ಫಳ್ನೀರಿನ ಡಾಕ್ಟರು ಎಲ್ಲವನ್ನೂ ನನಗೇ ಕಲಿಸಿದರು. ಬೆಳಿಗ್ಗೆ ಪಪ್ಪನ ಮೂತ್ರದ ಎಂಟು ಹನಿಯನ್ನು ಟೆಸ್ಟ್ ಟ್ಯೂಬಿನ ನೀಲಿ ನೀರಿಗೆ ಬಿಟ್ಟು ಸ್ಪಿರಿಟ್ ಲ್ಯಾಂಪಿನ ಮೇಲೆ ಕಾಯಿಸಬೇಕು. ನೀಲಿಯೇ ಉಳಿದರೆ ದೇವರ ದಯೆ. ಹಸಿರು, ಹಳದಿ ಆದರೆ ಎಚ್ಚರ. ಕೆಂಪಾದರೆ ಮೈಯಲ್ಲಿ ಸಕ್ಕರೆ ತುಂಬಿ ಹೊರಗೆ ಹರಿಯುತ್ತಿದೆ ಎಂದರ್ಥ.

ಪಪ್ಪ ಹೆಂಚಿನ ಕಾರ್ಖಾನೆಯಲ್ಲಿ ಗುಮಾಸ್ತರು. "ಎಂತ ಬಾಯೆ, ಇವತ್ತೂ ನಮ್ಮ ಫ್ಯಾಕ್ಟರಿಯ ಹೆಂಚಿನ ಬಣ್ಣವೇ ಬಂತಾ?" ಎಂದು ಬಾಗಿಲಲ್ಲಿ ನಿಂತು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಇಗರ್ಜಿಯ ಗೇಟಿನೆದುರಿಗಿದ್ದ ಬ್ಯಾರಿಯವರ ಚಹಾದಂಗಡಿಗೂ ಹೋಗಿ ತಾಕೀತು ಮಾಡಿ ಬಂದಿದ್ದೆ: ಪಪ್ಪನಿಗೆ ಸಕ್ಕರೆ ಹಾಕಿದ ಚಾ ಕೊಟ್ಟರೆ ವಿಷ ಕೊಟ್ಟ ಹಾಗೆ.

ಆಮೇಲೆ ಇನ್ಸುಲಿನ್ ಶುರುವಾಯಿತು. ಅದರ ಪುಟ್ಟ ಬಾಟಲಿಗೆ ಒದ್ದೆ ಬಟ್ಟೆ ಸುತ್ತಿ ನೀರಿನ ಹೂಜಿಯ ಬದಿಯಲ್ಲಿ ಇಡುತ್ತಿದ್ದೆವು. ಅದರ ಕೆಲಸವೇನೆಂದು ಕ್ಲಾಸಿನಲ್ಲಿ ಸಿಸ್ಟರ್ ಕಿಟಕಿಯಿಂದ ನಮ್ಮ ಕಾಲೇಜಿನದೇ ಗೇಟು ತೋರಿಸಿ ಹೇಳಿದ್ದರು. ರಕ್ತ ಎಂದರೆ ರಸ್ತೆ, ಗ್ಲೂಕೋಸ್ ಎಂದರೆ ಗೇಟಿನ ಹೊರಗೆ ಕಾಯುವ ಹುಡುಗಿಯರು, ಇನ್ಸುಲಿನ್ ಗೇಟು ತೆಗೆಯುವ ವಾಚ್‌ಮನ್. ಅವನಿಲ್ಲದಿದ್ದರೆ ರಸ್ತೆ ತುಂಬ ಹುಡುಗಿಯರು, ಒಳಗೆ ಕ್ಲಾಸು ಖಾಲಿ. "ಬಟ್ ಗರ್ಲ್ಸ್, ಮಿದುಳು ಮಾತ್ರ ದಿನಗೂಲಿಯವನ ಹಾಗೆ. ನಾಳೆಗೆ ಅಂತ ಕೂಡಿಡುವುದಿಲ್ಲ. ರಸ್ತೆಯೇ ಖಾಲಿಯಾದರೆ ಮೊದಲು ಹಸಿಯುವುದು ಅದು." ಡಾಕ್ಟರ ಕಟ್ಟಪ್ಪಣೆಯೂ ಅದಕ್ಕೇ: ಸೂಜಿ ಚುಚ್ಚಿದ ಅರ್ಧ ಗಂಟೆಗೆ ತಿಂಡಿ ತಿನ್ನಲೇಬೇಕು.

ಮೂರು ವಾರ ಎಲ್ಲವೂ ಸರಿಯಾಗಿ ನಡೆಯಿತು. ಆಮೇಲೆ ತಿಂಗಳ ಮೊದಲ ಶುಕ್ರವಾರ ಬಂತು.

ಒಂಬತ್ತು ತಿಂಗಳು ತಪ್ಪದೆ ಮೊದಲ ಶುಕ್ರವಾರದ ಪೂಜೆಯಲ್ಲಿ ಕಮ್ಯೂನಿಯನ್, ಅಂದರೆ ಪಾದ್ರಿಗಳು ಕೊಡುವ ಪರಮಪ್ರಸಾದ, ಸ್ವೀಕರಿಸಿದವರಿಗೆ ಒಳ್ಳೆಯ ಮರಣ ಬರುತ್ತದೆ ಎಂಬುದು ನಮ್ಮ ನಂಬಿಕೆ. ನಡುವೆ ಒಂದು ತಪ್ಪಿದರೆ ಮತ್ತೆ ಒಂದರಿಂದ ಎಣಿಸಬೇಕು. ಪಪ್ಪನದು ಎಂಟಾಗಿತ್ತು. ಆಗಿನ ನಿಯಮದಂತೆ ಕಮ್ಯೂನಿಯನ್‌ಗೆ ಮುಂಚೆ ನಡುರಾತ್ರಿಯಿಂದ ಉಪವಾಸ.

"ಪೂಜೆಯಿಂದ ಬಂದ ಮೇಲೆ ಸೂಜಿ ಹಾಕುವ ಪಪ್ಪಾ" ಎಂದೆ.

"ಬಂದು ಹಾಕಿಸಿಕೊಂಡು, ಮತ್ತೆ ಅರ್ಧ ಗಂಟೆ ಕಾದು ತಿಂದು, ಫ್ಯಾಕ್ಟರಿಗೆ ಯಾವಾಗ ಹೋಗ್ಲಿ? ಪೂಜೆ ಎಷ್ಟು ಹೊತ್ತು ಮಾರಾಯ್ತಿ? ಈಗಲೇ ಹಾಕು."

ಮನೆಯಿಂದ ಇಗರ್ಜಿಗೆ ಐದು ನಿಮಿಷ. ಪೂಜೆಗೆ ಅರ್ಧ ಗಂಟೆ. ಸರಿಹೋಗುವುದಿಲ್ಲ ಎಂದು ಗೊತ್ತಿದ್ದೂ ಚುಚ್ಚಿದೆ. ಆ ಒಂಬತ್ತು ನನಗೂ ಬೇಕಿತ್ತು.

ಇಗರ್ಜಿಯಲ್ಲಿ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಮುಸುಕಿನ ಅಂಚಿನಿಂದ ನಾನು ಪಪ್ಪನ ಬೆನ್ನನ್ನೇ ನೋಡುತ್ತಿದ್ದೆ. ಅಂದು ಪಾದ್ರಿಗಳ ಪ್ರಸಂಗ ಮುಗಿಯುವ ಲಕ್ಷಣವೇ ಇರಲಿಲ್ಲ. ಜಪಮಾಲೆಯ ಮಣಿಗಳಲ್ಲಿ ನಾನು ಎಣಿಸುತ್ತಿದ್ದುದು ನಿಮಿಷಗಳನ್ನು. ನಲವತ್ತಾಯಿತು, ಐವತ್ತಾಯಿತು. ಪಪ್ಪನ ಕುತ್ತಿಗೆಯ ಕೆಳಗೆ ಅಂಗಿ ಒದ್ದೆಯಾಗತೊಡಗಿತು. ಡಿಸೆಂಬರಿನ ಬೆಳಗು, ಉಳಿದವರ ಅಂಗಿಗಳೆಲ್ಲ ಒಣಗಿಯೇ ಇದ್ದವು. ಎಲ್ಲರೂ ಮೊಣಕಾಲೂರಿದಾಗ ಪಪ್ಪ ಒಬ್ಬರೇ ನಿಂತೇ ಇದ್ದರು.

ನಡುವಿನ ದಾರಿ ದಾಟಿ ಗಂಡಸರ ಸಾಲಿಗೆ ನುಗ್ಗಿದೆ. ಕೈ ಹಿಡಿದರೆ ಮಂಜುಗಡ್ಡೆ. "ಬೆಳಿಗ್ಗೆ ಬೆಳಿಗ್ಗೆಯೇ ಕುಡಿದು ಬಂದಿದ್ದಾರೆ" ಎಂದು ಹಿಂದೆ ಯಾರೋ ಗೊಣಗಿದರು. ಪಪ್ಪನನ್ನು ಎಳೆದುಕೊಂಡೇ ಗೇಟು ದಾಟಿದೆ.

"ಚಾ ಕೊಡಿ, ಸಕ್ಕರೆ ಜಾಸ್ತಿ ಹಾಕಿ, ಬೇಗ!"

ಬ್ಯಾರಿಯವರ ಚಮಚ ನಿಂತಲ್ಲೇ ನಿಂತಿತು. "ನೀವೇ ಅಲ್ವಾ ಬಾಯಮ್ಮ ವಿಷ ಅಂದದ್ದು?"

"ಇವತ್ತು ಅದೇ ಮದ್ದು, ಹಾಕಿ!"

ಪಪ್ಪ ಹಲ್ಲು ಕಚ್ಚಿ ಮುಖ ತಿರುಗಿಸಿದರು. ಮಾತು ತೊದಲುತ್ತಿತ್ತು. "ಕಮ್ಯೂನಿಯನ್ ಆಗ್ಲಿಲ್ಲ... ಒಂಬತ್ತು..." ನಾನು ಅತ್ತೆ, ಗದರಿಸಿದೆ, ಲೋಟ ಅವರ ತುಟಿಗೆ ತಾಗಿ ಅಂಗಿಯ ಮೇಲೆಲ್ಲ ಚೆಲ್ಲಿತು. ಆಗ ಬ್ಯಾರಿಯವರು ಪಪ್ಪನೆದುರು ಕುಕ್ಕರಗಾಲಲ್ಲಿ ಕುಳಿತರು.

"ಪೊರ್ಬುಗಳೇ, ನಮ್ಮ ರಂಜಾನಿನಲ್ಲಿಯೂ ಉಪವಾಸ ಉಂಟು. ಹುಷಾರಿಲ್ಲದವನು ಬಿಡ್ಬಹುದು, ಗುಣ ಆದ ಮೇಲೆ ಹಿಡಿದ್ರೆ ಆಯ್ತು. ನಿಮ್ಮ ದೇವರು ಅಷ್ಟೂ ಬಿಡುವು ಕೊಡುವುದಿಲ್ವಾ?"

ಪಪ್ಪ ಅವರನ್ನೇ ದಿಟ್ಟಿಸಿ ನೋಡಿದರು. ಬಾಯಿ ತೆರೆಯಿತು. ಒಂದು ಗುಟುಕು, ಇನ್ನೊಂದು. ಎಷ್ಟು ಹೊತ್ತಾಯಿತೋ, ಅಂಗೈಗೆ ಬಿಸಿ ಮರಳಿತು, ಕಣ್ಣು ನನ್ನನ್ನು ಗುರುತಿಸಿತು.

"ಎಂಟೂ ನೀರಿಗೆ ಬಿತ್ತಲ್ಲ ಬಾಯೆ."

"ಗೊತ್ತಿದ್ದೂ ಚುಚ್ಚಿದ್ದು ನಾನು, ಪಪ್ಪಾ."

ಅವರು ಲೋಟ ಓರೆಮಾಡಿ ತಳ ನೋಡಿದರು. "ಅಡಿಯಲ್ಲಿ ಇನ್ನೂ ಸಕ್ಕರೆ ಉಂಟು. ಬಿಡುವುದಾ, ತಿನ್ನುವುದಾ, ಡಾಕ್ಟರಮ್ಮಾ?"

"ತಿನ್ನಿ" ಎಂದೆ.

ಮುಂದಿನ ತಿಂಗಳು ಅವರು ಮತ್ತೆ ಒಂದರಿಂದ ಶುರುಮಾಡಿದರು. ಫ್ಯಾಕ್ಟರಿಗೆ ಲೇಟಾದರೆ ಆಗಲಿ. ಪೂಜೆ ಮುಗಿಸಿ ಬಂದು, ತಟ್ಟೆಗೆ ತಿಂಡಿ ಬಿದ್ದದ್ದನ್ನು ಕಂಡ ಮೇಲೆಯೇ ನಾನು ಸೂಜಿ ಎತ್ತುತ್ತಿದ್ದೆ. ಒಂಬತ್ತೂ ಆದವು. ಆದರೆ ಆ ಒಂಬತ್ತು ಶುಕ್ರವಾರಗಳಲ್ಲಿ ಪೂಜೆಯ ಒಂದು ಮಾತೂ ನನ್ನ ಕಿವಿಗೆ ಬೀಳಲಿಲ್ಲ. ಗಂಡಸರ ಸಾಲಿನ ಒಂದೇ ಬೆನ್ನನ್ನು ನೋಡುತ್ತಿದ್ದೆ, ಅಂಗಿ ಒಣಗಿಯೇ ಇದೆಯೇ ಎಂದು.